ಬೂದಿ ಮುಚ್ಚಿದ ಕೆಂಡ: ಜಪಾನಿನ ವೃದ್ಧರಲ್ಲಿ ಅಡಗಿದ್ದ ಅರ್ಬುದದ ಕಥೆ

ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಮನುಷ್ಯರ ಸಿಟ್ಟಿಗೂ ಹಗೆತನಕ್ಕೂ ಅನ್ವಯಿಸುತ್ತೇವೆ. ಹೊರಗೆ ನೋಡಿದರೆ ತಣ್ಣಗೆ, ಒಳಗೆ ಬೆಂಕಿ. ಆದರೆ ಸೌದೆಯ ಒಲೆಯ ಮುಂದೆ ಕುಳಿತು ಅಡುಗೆ ಮಾಡಿದ ತಾಯಂದಿರಿಗೆ ಈ ಮಾತಿನ ಇನ್ನೊಂದು ಮಗ್ಗುಲೂ ಗೊತ್ತು. ರಾತ್ರಿ ಬೂದಿಯಡಿ ಉಳಿದ ಕೆಂಡಗಳಲ್ಲಿ ಬಹಳಷ್ಟು ಬೆಳಗಾಗುವ ಹೊತ್ತಿಗೆ ತಾವಾಗಿ ಆರಿರುತ್ತವೆ. ಎಲ್ಲೋ ಒಂದೆರಡು ಮಾತ್ರ ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುತ್ತವೆ. ಯಾವುದು ಆರುವುದು, ಯಾವುದು ಹೊತ್ತುವುದು ಎಂಬುದನ್ನು ಬೂದಿಯ ಮೇಲಿನಿಂದ ನೋಡಿ ಹೇಳಲಾಗದು. ಮನುಷ್ಯದೇಹದಲ್ಲಿಯೂ ಇಂತಹ ಒಂದು ಕೆಂಡವುಂಟು. ಅದನ್ನು ಹೊತ್ತುಕೊಂಡೇ ಅಸಂಖ್ಯ ಗಂಡಸರು ಮುಪ್ಪನ್ನು ಕಂಡಿದ್ದಾರೆ, ಬೇರೆ ಯಾವುದೋ ಕಾರಣದಿಂದ ಕಣ್ಣು ಮುಚ್ಚಿದ್ದಾರೆ. ಅದು ತಮ್ಮೊಳಗಿತ್ತೆಂಬುದನ್ನು ಅವರೂ ಅರಿಯಲಿಲ್ಲ, ಅವರ ಮನೆಯವರೂ ಅರಿಯಲಿಲ್ಲ. ಆ ಕೆಂಡದ ಇತಿಹಾಸವನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ಇದರ ರಂಗಸ್ಥಳ ಹೆಚ್ಚಾಗಿ ಜಪಾನು ದೇಶ.

ಮೊದಲು ಕಥಾವಸ್ತುವಿನ ಪರಿಚಯವಾಗಲಿ. ಗಂಡಸರ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡು, ದೊಡ್ಡದೊಂದು ನೆಲ್ಲಿಕಾಯಿಯ ಗಾತ್ರದ ಗ್ರಂಥಿಯಿದೆ. ಅದರ ಹೆಸರು ಪ್ರಾಸ್ಟೇಟ್. ವಯಸ್ಸಾದಂತೆ ಇದು ಎರಡು ಬಗೆಯಲ್ಲಿ ಕೆಡಬಹುದು. ಒಂದು, ಬರಿಯ ಊತ. ಇದು ಮೂತ್ರದ ದಾರಿಯನ್ನು ಒತ್ತಿ ತೊಂದರೆ ಕೊಡುತ್ತದೆಯೇ ಹೊರತು ಮೈಯೆಲ್ಲ ಹರಡುವುದಿಲ್ಲ. ಇನ್ನೊಂದು ಅರ್ಬುದ, ಎಂದರೆ ಕ್ಯಾನ್ಸರ್. ಈ ರೋಗದ ಹೆಸರುಗಳೇ ಒಂದು ಸಣ್ಣ ಇತಿಹಾಸವನ್ನು ಹೇಳುತ್ತವೆ. ಗ್ರೀಕರು ಇದರಲ್ಲಿ ಏಡಿಯನ್ನು ಕಂಡರು. ಅದನ್ನೇ ಅನುಸರಿಸಿ ನಮ್ಮವರು ಏಡಿಗಂತಿ ಎಂದರು. ಜಪಾನೀಯರು ಇದನ್ನು ಗಾನ್ ಎನ್ನುತ್ತಾರೆ. ಅದನ್ನು ಬರೆಯುವ ಚಿತ್ರಾಕ್ಷರದಲ್ಲಿ ರೋಗವನ್ನು ಸೂಚಿಸುವ ಚಿಹ್ನೆಯೊಳಗೆ ಬಂಡೆಯನ್ನು ಸೂಚಿಸುವ ಚಿಹ್ನೆ ಕುಳಿತಿದೆ. ಮೈಯೊಳಗೆ ಹುಟ್ಟಿದ ಕಲ್ಲು ಎಂದು ಭಾವ. ಕೈಗೆ ಸಿಕ್ಕುವ ಕಲ್ಲಿಗೆ ಹೆಸರಿಟ್ಟವರು ಅವರು. ಕೈಗೆ ಸಿಕ್ಕದೆ ಅಡಗಿರುವ ಕಲ್ಲಿನ ಕಥೆ ಆಮೇಲೆ ಬಂದಿತು.

ಬಹುಕಾಲದವರೆಗೆ ವೈದ್ಯಲೋಕದಲ್ಲಿ ಒಂದು ನಂಬಿಕೆಯಿತ್ತು: ಪ್ರಾಸ್ಟೇಟಿನ ಅರ್ಬುದ ಪಾಶ್ಚಾತ್ಯರ ರೋಗ, ಜಪಾನೀಯರಲ್ಲಿ ಅದು ತೀರ ವಿರಳ ಎಂದು. ಸಾವಿನ ಲೆಕ್ಕದ ಪುಸ್ತಕಗಳು ಈ ನಂಬಿಕೆಗೆ ಸಾಕ್ಷಿ ಹೇಳುತ್ತಿದ್ದವು. ಈ ಸಾಕ್ಷಿ ಅರ್ಧಸತ್ಯವೆಂದು ತೋರಿಸಿಕೊಟ್ಟವರು ಯಾರು? ಸತ್ತವರು. ಸತ್ತವರ ದೇಹವನ್ನು ತೆರೆದು ನೋಡುವ ತಾಳ್ಮೆಯುಳ್ಳ ಕೆಲವರು ವೈದ್ಯರು ಆ ದೇಹಗಳ ಮಾತನ್ನು ಬದುಕಿರುವವರಿಗೆ ತಿಳಿಸಿದರು.

ಜಪಾನಿನಲ್ಲಿ ಹೀಗೆ ತೆರೆದು ನೋಡುವ ಪರಂಪರೆಗೆ ಒಂದು ಪ್ರಸಿದ್ಧವಾದ ದಿನವಿದೆ. 1771ನೆಯ ಇಸವಿ ಏಪ್ರಿಲ್ 18. ಇಂದು ಟೋಕಿಯೋ ಎಂದು ಕರೆಯುವ ನಗರಕ್ಕೆ ಆಗ ಎಡೋ ಎಂದು ಹೆಸರು. ಆ ನಗರದ ಕೊಜುಕಪ್ಪರಾ ಎಂಬ ವಧಾಸ್ಥಾನಕ್ಕೆ ಸುಗಿತಾ ಗೆಂಪಾಕು, ಮಾಯೆನೋ ರ‍್ಯೋತಾಕು ಮೊದಲಾದ ವೈದ್ಯರು ಹೋದರು. ಅವರ ಕೈಯಲ್ಲಿ ಡಚ್ ಭಾಷೆಯ ಅಂಗರಚನಾಶಾಸ್ತ್ರದ ಒಂದು ಚಿತ್ರಪುಸ್ತಕವಿತ್ತು. ಮರಣದಂಡನೆಗೆ ಒಳಗಾದ ಒಬ್ಬ ಹೆಂಗಸಿನ ದೇಹವನ್ನು ಅಲ್ಲಿ ಕೊಯ್ದು ತೋರಿಸಲಾಯಿತು. ಕೊಯ್ದವನು ತೊಂಬತ್ತು ವರ್ಷದ ಒಬ್ಬ ಮುದುಕ. ವೈದ್ಯನಲ್ಲ, ಸಮಾಜ ಹೊರಗಿಟ್ಟಿದ್ದ ಜಾತಿಯವನು. ಆತ ಒಂದೊಂದೇ ಅಂಗವನ್ನು ಎತ್ತಿ ಹೆಸರು ಹೇಳಿದ. ಹೆಸರಿಲ್ಲದ ಕೆಲವು ಭಾಗಗಳನ್ನೂ ತೋರಿಸಿ, ಎಷ್ಟೋ ದೇಹಗಳಲ್ಲಿ ತಾನು ಇವನ್ನು ಕಂಡಿದ್ದರೂ ಈವರೆಗೆ ನೋಡಲು ಬಂದ ವೈದ್ಯರಲ್ಲಿ ಯಾರೂ ಇವು ಏನೆಂದು ಕೇಳಿರಲಿಲ್ಲ ಎಂದನಂತೆ. ಗೆಂಪಾಕು ತನ್ನ ಮುಪ್ಪಿನಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಡಚ್ ಪುಸ್ತಕದ ಚಿತ್ರಗಳು ಕಣ್ಣೆದುರಿನ ದೇಹಕ್ಕೆ ಸರಿಹೊಂದಿದ್ದನ್ನು ಕಂಡು ಬೆರಗಾದ ಆ ಗೆಳೆಯರು ಆ ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, 1774ರಲ್ಲಿ ‘ಕೈತಾಯ್ ಶಿನ್ಶೋ’ ಎಂಬ ಹೆಸರಿನಿಂದ ಜಪಾನಿನಲ್ಲಿ ಪ್ರಕಟಿಸಿದರು.

ಓದುಗರೇ, ನೋಡುವುದು ಬೇರೆ, ನೋಡಿದ್ದನ್ನು ಕುರಿತು ಕೇಳುವುದು ಬೇರೆ. ಆ ಮುದುಕನ ಮಾತನ್ನು ನೆನಪಿನಲ್ಲಿಡಿ. ನಮ್ಮ ಕಥೆಗೆ ಅದೇ ಕೀಲಿಕೈ.

ಮುಂದೆ ಮೇಯ್ಜಿ ಯುಗದಲ್ಲಿ ಜಪಾನು ಜರ್ಮನಿಯನ್ನು ಗುರುವಾಗಿ ಸ್ವೀಕರಿಸಿ ತನ್ನ ವೈದ್ಯವಿದ್ಯೆಯನ್ನು ಹೊಸದಾಗಿ ಕಟ್ಟಿಕೊಂಡಿತು. ಬರ್ಲಿನ್ನಿನಲ್ಲಿ ಮಹಾಪಂಡಿತ ವಿರ್ಖೋನ ಬಳಿ ಕಲಿತು ಬಂದ ಯಾಮಗಿವಾ ಕತ್ಸುಸಬುರೋ, ತನ್ನ ಸಹಾಯಕ ಇಚಿಕಾವಾನೊಡನೆ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಬಳಿದು, 1915ರಲ್ಲಿ ಕೃತಕವಾಗಿ ಅರ್ಬುದವನ್ನು ಉಂಟುಮಾಡಿ ತೋರಿಸಿದನು. ಅರ್ಬುದದ ಅಧ್ಯಯನದಲ್ಲಿ ಜಪಾನು ಹಿಂದೆ ಬಿದ್ದ ದೇಶವಾಗಿರಲಿಲ್ಲ ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಹಾಗಿದ್ದೂ ಪ್ರಾಸ್ಟೇಟಿನ ವಿಚಾರದಲ್ಲಿ ಅಲ್ಲಿ ಬಹುಕಾಲ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಇದು ಜಪಾನೀಯರ ದೋಷವೆಂದು ಯಾರೂ ತಿಳಿಯಬೇಕಾಗಿಲ್ಲ. ಪಶ್ಚಿಮದಲ್ಲಿಯೂ ಮೊದಮೊದಲು ಇದೇ ಕಥೆ. 1853ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಆಡಮ್ಸ್ ಎಂಬಾತ ಪ್ರಾಸ್ಟೇಟಿನ ಅರ್ಬುದವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವರ್ಣಿಸಿದಾಗ, ಇದು ಅತಿ ವಿರಳವಾದ ರೋಗವೆಂದೇ ಬರೆದನು. ಕೇವಲ ಅರ್ಧ ಶತಮಾನ ಕಳೆಯುವಷ್ಟರಲ್ಲಿ, 1904ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹ್ಯೂ ಯಂಗ್ ಎಂಬ ವೈದ್ಯನು ಈ ರೋಗಕ್ಕಾಗಿ ಗ್ರಂಥಿಯನ್ನೇ ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದನು. ಇಷ್ಟರೊಳಗೆ ರೋಗ ವಿರಳವಾಗಿ ಉಳಿದಿರಲಿಲ್ಲ. ಹುಡುಕುವ ಕಣ್ಣು ಹುಟ್ಟಿತ್ತು.

ನಿಜವಾದ ಆಶ್ಚರ್ಯ ಬಂದದ್ದು 1935ರಲ್ಲಿ. ಅದೇ ಬಾಲ್ಟಿಮೋರಿನಲ್ಲಿ ಆರ್ನಾಲ್ಡ್ ರಿಚ್ ಎಂಬ ರೋಗಶಾಸ್ತ್ರಜ್ಞನಿದ್ದನು. ಆತನು ಐವತ್ತು ದಾಟಿದ 292 ಮಂದಿ ಗಂಡಸರ ಶವಪರೀಕ್ಷೆಗಳನ್ನು ಪರಿಶೀಲಿಸಿದಾಗ 41 ಮಂದಿಯ ಪ್ರಾಸ್ಟೇಟಿನಲ್ಲಿ ಅರ್ಬುದ ಕಂಡಿತು, ನೂರಕ್ಕೆ 14ರಷ್ಟು. 1954ರಲ್ಲಿ ಇಂಗ್ಲೆಂಡಿನ ಫ್ರಾಂಕ್ಸ್ ಎಂಬಾತನು ಗ್ರಂಥಿಗಳನ್ನು ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಇನ್ನೂ ಹೆಚ್ಚು ಸಿಕ್ಕಿತು. ವಯಸ್ಸು ಏರಿದಂತೆ ಪ್ರಮಾಣವೂ ಏರುತ್ತ ಹೋಯಿತು. ಇಂತಹ ಅರ್ಬುದಕ್ಕೆ ಗುಪ್ತ ಅರ್ಬುದವೆಂದು ಹೆಸರಿಡೋಣ. ಇದರ ಲಕ್ಷಣವೆಂದರೆ ಲಕ್ಷಣವೇ ಇಲ್ಲದಿರುವುದು. ಗ್ರಂಥಿಯ ಹೊರವಲಯದಲ್ಲಿ ಒಂದು ಸಾಸಿವೆ ಕಾಳಿನಷ್ಟೋ ಕಡಲೆಕಾಳಿನಷ್ಟೋ ಇದ್ದು, ಎಷ್ಟೋ ವೇಳೆ ಒಂದೇ ಗ್ರಂಥಿಯಲ್ಲಿ ಎರಡು ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟಿ, ಮೂತ್ರದ ದಾರಿಯಿಂದ ದೂರವಿರುವ ಕಾರಣ ಯಾವ ತೊಂದರೆಯನ್ನೂ ಕೊಡದೆ ವರ್ಷಗಟ್ಟಲೆ ಕುಳಿತಿರಬಲ್ಲುದು. ಗ್ರಂಥಿಯನ್ನು ಒಂದೇ ಕಡೆ ಕೊಯ್ದು ನೋಡಿದರೆ ಅದು ತಪ್ಪಿಸಿಕೊಳ್ಳುತ್ತದೆ. ಹಲ್ವದ ತುಂಡುಗಳಂತೆ ತೆಳುವಾಗಿ ಸಾಲಾಗಿ ಕೊಯ್ದು ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿಟ್ಟರೆ ಸಿಕ್ಕಿಬೀಳುತ್ತದೆ.

ಈಗ ಜಪಾನಿಗೆ ಮರಳೋಣ. ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಜಪಾನೀ ಗಂಡಸಿನ ಸರಾಸರಿ ಆಯುಷ್ಯ ಕೇವಲ 50 ವರ್ಷ. ಕ್ಷಯರೋಗ ಆ ದೇಶದ ಅತಿ ದೊಡ್ಡ ಮೃತ್ಯುವಾಗಿತ್ತು. 1951ರಿಂದ ಆ ಸ್ಥಾನಕ್ಕೆ ಮೆದುಳಿನ ಲಕ್ವ ಬಂದಿತು. ಅರ್ಬುದ ಮೊದಲ ಸ್ಥಾನಕ್ಕೆ ಬಂದದ್ದು 1981ರಲ್ಲಿ. ಅರ್ಬುದವೆಂದರೂ ಅಲ್ಲಿನ ಜನರ ಭಯವೆಲ್ಲ ಜಠರದ ಅರ್ಬುದದ ಮೇಲಿತ್ತು. ಪ್ರಾಸ್ಟೇಟಿನ ಅರ್ಬುದವಾದರೋ ಮುಪ್ಪಿನ ರೋಗ. ಮುಪ್ಪನ್ನೇ ಕಾಣದ ಜನರಲ್ಲಿ ಮುಪ್ಪಿನ ರೋಗ ಲೆಕ್ಕಕ್ಕೆ ಬರುವುದೆಂತು? ನಂಬಿಕೆಯ ಹಿಂದಿದ್ದ ಒಂದು ಕಾರಣ ಇಷ್ಟು ಸರಳವಾದದ್ದು. ಆದರೆ ಅದೊಂದೇ ಕಾರಣವಾಗಿರಲಿಲ್ಲ. ವಯಸ್ಸಿಗೆ ವಯಸ್ಸನ್ನು ತಾಳೆ ಹಾಕಿ ನೋಡಿದರೂ ಈ ರೋಗದಿಂದ ಸಾಯುವ ಜಪಾನೀಯರ ಸಂಖ್ಯೆ ಅಮೆರಿಕದವರಿಗಿಂತ ಎಷ್ಟೋ ಪಟ್ಟು ಕಡಿಮೆಯಿತ್ತು.

ಹಾಗಾದರೆ ಜಪಾನೀಯರ ದೇಹದಲ್ಲಿ ಆ ಕೆಂಡವೇ ಇರಲಿಲ್ಲವೆ, ಅಥವಾ ಇದ್ದೂ ಹೊತ್ತಿಕೊಳ್ಳುತ್ತಿರಲಿಲ್ಲವೆ? ಇದಕ್ಕೆ ಉತ್ತರ ಕೊಡಬಲ್ಲುದು ಶವಪರೀಕ್ಷೆಯೊಂದೇ. ವಿಧಿಯ ವಿಪರ್ಯಾಸವೆಂದರೆ, ಆ ಉತ್ತರದ ಒಂದು ಭಾಗ ಬಂದದ್ದು ಅಣುಬಾಂಬಿನ ಬೂದಿಯಿಂದ. ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕಿ ಉಳಿದವರ ಆರೋಗ್ಯವನ್ನು ಅಭ್ಯಸಿಸಲು 1947ರಲ್ಲಿ ಅಮೆರಿಕದವರು ಒಂದು ಆಯೋಗವನ್ನು ಸ್ಥಾಪಿಸಿದ್ದರು. 1975ರಲ್ಲಿ ಅದು ಎರಡು ದೇಶಗಳೂ ಸೇರಿ ನಡೆಸುವ ಸಂಸ್ಥೆಯಾಯಿತು. ಆ ಊರುಗಳಲ್ಲಿ ತೀರಿಕೊಂಡವರ ಶವಪರೀಕ್ಷೆಗಳು ದೊಡ್ಡ ಸಂಖ್ಯೆಯಲ್ಲಿ ನಡೆದವು. ತಮ್ಮವರ ದೇಹವನ್ನು ಪರೀಕ್ಷೆಗೆ ಕೊಡಲು ಒಪ್ಪಿದ ಆ ಕುಟುಂಬಗಳ ಮನಸ್ಸಿನಲ್ಲಿ ಆಗ ಏನೇನು ಹೊಯ್ದಾಟ ನಡೆದಿರಬೇಕೆಂದು ನೀವೇ ಊಹಿಸಿ. ಬಾಂಬಿನ ವಿಕಿರಣದ ಪರಿಣಾಮವನ್ನು ತಿಳಿಯಲೆಂದು ಕೂಡಿಟ್ಟ ಆ ಸಾಮಗ್ರಿಯಲ್ಲಿಯೇ ಪ್ರಾಸ್ಟೇಟಿನ ಗುಪ್ತ ಅರ್ಬುದಗಳನ್ನು ಹುಡುಕಿದ ಒಂದು ಅಧ್ಯಯನ 1973ರಲ್ಲಿ ಪ್ರಕಟವಾಯಿತು. ವಿರಳವೆಂದು ಹೆಸರಾಗಿದ್ದ ರೋಗ ಅಲ್ಲಿ ಸದ್ದಿಲ್ಲದೆ ಕುಳಿತಿತ್ತು.

ಉತ್ತರದ ಇನ್ನೊಂದು ಭಾಗ ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಿಂದ ಬಂದಿತು. 1885ರಿಂದ ಜಪಾನೀ ಬಡರೈತರು ಕರಾರಿನ ಕೂಲಿಗಳಾಗಿ ಅಲ್ಲಿನ ಕಬ್ಬಿನ ತೋಟಗಳಿಗೆ ಹೋಗಿ ನೆಲೆಸಿದ್ದರು. ಕೆಲವರು ಅಮೆರಿಕದ ಭೂಖಂಡಕ್ಕೂ ದಾಟಿದರು. ವಲಸೆ ಹೋದ ಮೊದಲ ತಲೆಯವರನ್ನು ಇಸ್ಸೇ ಎಂದೂ, ಅಲ್ಲಿಯೇ ಹುಟ್ಟಿದ ಮಕ್ಕಳನ್ನು ನಿಸೇ ಎಂದೂ ಕರೆಯುವುದು ಜಪಾನೀ ಭಾಷೆಯ ವಾಡಿಕೆ. ರಕ್ತ ಒಂದೇ, ನೆಲ ಬೇರೆ, ಊಟ ಬೇರೆ. ರೋಗದ ಕಾರಣ ರಕ್ತದಲ್ಲಿದೆಯೋ ಬಾಳುವೆಯಲ್ಲಿದೆಯೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಲ್ಲಿ ದೊರೆತೀತು? 1968ರಲ್ಲಿ ಹ್ಯಾನ್ಸೆಲ್ ಮತ್ತು ಕುರಿಹಾರಾ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ನೆಲೆಸಿದ ಜಪಾನೀಯರ ಸಾವಿನ ಲೆಕ್ಕಗಳನ್ನು ಪ್ರಕಟಿಸಿದರು. ಜಠರದ ಅರ್ಬುದ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಕಡಿಮೆಯಾಗಿತ್ತು. ದೊಡ್ಡ ಕರುಳಿನ ಮತ್ತು ಪ್ರಾಸ್ಟೇಟಿನ ಅರ್ಬುದಗಳು ತಾಯ್ನಾಡಿನ ಮಟ್ಟವನ್ನು ಬಿಟ್ಟು ಮೇಲಕ್ಕೆ ಏರಿದ್ದವು.

ಇದನ್ನು ಕಂಡ ಮೇಲೆ, ಜಪಾನಿನ ಅಕಜಾಕಿ ಮತ್ತು ಹೊನೊಲುಲುವಿನ ಸ್ಟೆಮ್ಮರ್ಮನ್ ಎಂಬ ಇಬ್ಬರು ರೋಗಶಾಸ್ತ್ರಜ್ಞರು ಒಂದು ಸೊಗಸಾದ ಕೆಲಸ ಮಾಡಿದರು. ಜಪಾನಿನಲ್ಲಿ ಸತ್ತ ಜಪಾನೀಯರ ಮತ್ತು ಹವಾಯಿಯಲ್ಲಿ ಸತ್ತ ಜಪಾನೀಯರ ಪ್ರಾಸ್ಟೇಟ್ ಗ್ರಂಥಿಗಳನ್ನು ಒಂದೇ ಕ್ರಮದಲ್ಲಿ ಕೊಯ್ದು, ಒಂದೇ ಅಳತೆಗೋಲಿನಿಂದ ನೋಡಿ, 1973ರಲ್ಲಿ ಫಲಿತಾಂಶವನ್ನು ಮುಂದಿಟ್ಟರು. ಗುಪ್ತ ಅರ್ಬುದ ಎರಡೂ ಕಡೆ ಧಾರಾಳವಾಗಿತ್ತು. ವ್ಯತ್ಯಾಸವಿದ್ದದ್ದು ಅದರ ಸ್ವಭಾವದಲ್ಲಿ. ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗಿ ಬೆಳೆಯುವ ಬಗೆ ಹವಾಯಿಯವರಲ್ಲಿ ಹೆಚ್ಚು. ಸುಮ್ಮನೆ ಕುಳಿತಿರುವ ಬಗೆ ತಾಯ್ನಾಡಿನವರಲ್ಲಿ ಹೆಚ್ಚು. ಕೆಂಡ ಎರಡು ಮನೆಯಲ್ಲಿಯೂ ಇತ್ತು. ಒಂದು ಮನೆಯಲ್ಲಿ ಗಾಳಿ ಬೀಸುತ್ತಿತ್ತು.

1977ರಲ್ಲಿ ಬ್ರೆಸ್ಲೋ ಮತ್ತು ಸಂಗಡಿಗರು ಹಾಂಗ್‌ಕಾಂಗ್, ಸಿಂಗಪುರ, ಉಗಾಂಡಾ, ಜಮೈಕಾ, ಇಸ್ರೇಲ್, ಸ್ವೀಡನ್, ಜರ್ಮನಿ ಈ ಏಳು ಕಡೆಗಳ ಶವಪರೀಕ್ಷೆಗಳನ್ನು ಹೋಲಿಸಿ ಇದೇ ತತ್ತ್ವವನ್ನು ಬಲಪಡಿಸಿದರು. ಅತಿ ಸಣ್ಣ ಅರ್ಬುದಗಳು ಎಲ್ಲ ದೇಶಗಳಲ್ಲಿಯೂ ಸುಮಾರು ನೂರಕ್ಕೆ 12ರಂತೆ ಸಮನಾಗಿದ್ದವು. ದೊಡ್ಡವು ಮಾತ್ರ ದೇಶದಿಂದ ದೇಶಕ್ಕೆ ಬೇರೆಯಾಗಿದ್ದವು. ಜಪಾನಿನ ಮಿಯೆ ವಿಶ್ವವಿದ್ಯಾನಿಲಯದ ಯಾತಾನಿ ಎಂಬವರು 1982ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಜಪಾನಿನ ವೃದ್ಧರಲ್ಲಿ ಸುಮಾರು ಐವರಿಗೊಬ್ಬರಲ್ಲಿ, ಅಮೆರಿಕದವರಲ್ಲಿ ಸುಮಾರು ಮೂವರಿಗೊಬ್ಬರಲ್ಲಿ ಗುಪ್ತ ಅರ್ಬುದ ಕಂಡುಬಂದಿತು. ಆದರೆ ಹೊರಗೆ ರೋಗವಾಗಿ ಪ್ರಕಟವಾಗುವುದರಲ್ಲಿ ಆ ಕಾಲಕ್ಕೆ ಎರಡು ದೇಶಗಳ ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರವಿತ್ತು. ಒಳಗಿನ ಅಂತರ ಸಣ್ಣದು, ಹೊರಗಿನ ಅಂತರ ಬಹು ದೊಡ್ಡದು. ಯಾತಾನಿಯವರೇ 1988ರಲ್ಲಿ ಮತ್ತೆ ಎಣಿಸಿದಾಗ ಜಪಾನೀಯರ ಪ್ರಮಾಣ ಐವರಿಗೊಬ್ಬರಿಂದ ಮೂವರಿಗೊಬ್ಬರ ಕಡೆಗೆ ಸರಿದಿತ್ತು. ಹಡಗು ಹತ್ತದೆ ತಾಯ್ನಾಡಿನಲ್ಲಿಯೇ ಉಳಿದವರ ಬಾಳುವೆಯೂ ಬದಲಾಗುತ್ತಿತ್ತೆಂದು ಇದರ ಅರ್ಥ.

ಯಾವ ಗಾಳಿ ಈ ಕೆಂಡವನ್ನು ಊದುತ್ತದೆ? ಯುದ್ಧಾನಂತರದ ಜಪಾನಿನಲ್ಲಿ ಅನ್ನ, ಮೀನು, ಸೋಯಾ ಅವರೆಯ ತೋಫು ಮತ್ತು ಮಿಸೋ, ಹಸಿರು ಚಹಾ ಇವುಗಳ ಪಕ್ಕದಲ್ಲಿ ಮಾಂಸ, ಹಾಲು, ಬೆಣ್ಣೆ, ಕೊಬ್ಬು ಬಂದು ಕುಳಿತವು. ಸೋಯಾದಲ್ಲಿರುವ ಕೆಲವು ವಸ್ತುಗಳು ಸ್ತ್ರೀ ಹಾರ್ಮೋನನ್ನು ದುರ್ಬಲವಾಗಿ ಹೋಲುತ್ತವೆ. ಈ ಅರ್ಬುದವಾದರೋ ಪುರುಷ ಹಾರ್ಮೋನಿನ ಬಲದಿಂದ ಬೆಳೆಯತಕ್ಕದ್ದು. ಇದನ್ನು 1941ರಲ್ಲಿ ಷಿಕಾಗೋವಿನ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿಕೊಟ್ಟು, 1966ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದಕಾರಣ ಸೋಯಾ ರಕ್ಷೆ ಕೊಡುತ್ತಿತ್ತೆಂಬ ಊಹೆ ಹುಟ್ಟಿತು. ಊಹೆ ಸೊಗಸಾಗಿದೆ, ಆದರೆ ಪೂರ್ತಿ ಸಿದ್ಧವಾದದ್ದಲ್ಲ. ಪೇಟೆಯಲ್ಲಿ ಡಬ್ಬಿಯಲ್ಲಿ ಬರುವ ಪುಡಿಯನ್ನು ನುಂಗಿ ನಿಶ್ಚಿಂತರಾಗಬಹುದೆಂದು ಯಾರೂ ಇದರಿಂದ ತೀರ್ಮಾನಿಸಬಾರದು.

ಇಷ್ಟು ಹೊತ್ತು ಸತ್ತವರ ಮಾತಾಯಿತು. ಬದುಕಿರುವವರಲ್ಲಿ ಈ ಕೆಂಡವನ್ನು ಗುರುತಿಸುವ ಉಪಾಯವೂ ಕ್ರಮೇಣ ಬಂದಿತು. ಅದರ ಮೂಲದಲ್ಲಿಯೂ ಒಬ್ಬ ಜಪಾನೀಯನಿದ್ದಾನೆ. ನ್ಯಾಯವೈದ್ಯಶಾಸ್ತ್ರದ ವಿದ್ವಾಂಸ ಹಾರಾ ಎಂಬಾತನು, ಅಪರಾಧಗಳ ಪತ್ತೆಗೆ ನೆರವಾಗಲೆಂದು ಪುರುಷವೀರ್ಯದ ಗುರುತು ಹಿಡಿಯುವ ಒಂದು ಪ್ರೋಟೀನನ್ನು ಬೇರ್ಪಡಿಸಿ 1971ರಲ್ಲಿ ವರ್ಣಿಸಿದನು. 1979ರಲ್ಲಿ ಅಮೆರಿಕದ ಬಫಲೋ ನಗರದ ಚೂ ಮತ್ತು ಸಂಗಡಿಗರು ಪ್ರಾಸ್ಟೇಟಿನಿಂದಲೇ ಒಂದು ಪ್ರೋಟೀನನ್ನು ಶುದ್ಧೀಕರಿಸಿದರು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. ಪಿಎಸ್‌ಎ ಎಂದು ಇಂದು ಎಲ್ಲ ರಕ್ತಪರೀಕ್ಷಾಲಯಗಳಲ್ಲಿ ಅಳೆಯುವುದು ಇದನ್ನೇ. ಚಿಕಿತ್ಸೆ ಪಡೆದವರ ಮೇಲೆ ಕಣ್ಣಿಡಲು 1986ರಲ್ಲಿ, ರೋಗವನ್ನು ಹುಡುಕಲು ನೆರವಾಗಿ 1994ರಲ್ಲಿ ಇದಕ್ಕೆ ಅಮೆರಿಕದಲ್ಲಿ ಸರಕಾರದ ಒಪ್ಪಿಗೆ ದೊರೆಯಿತು. ಪ್ರಾಸ್ಟೇಟಿನಲ್ಲಿ ಏನೇ ಗಲಭೆಯಾದರೂ ರಕ್ತದಲ್ಲಿ ಇದರ ಮಟ್ಟ ಏರುತ್ತದೆ. ಊತದಿಂದಲೂ ಏರುತ್ತದೆ, ಸೋಂಕಿನಿಂದಲೂ ಏರುತ್ತದೆ, ಅರ್ಬುದದಿಂದಲೂ ಏರುತ್ತದೆ. ಇದು ಬಾಗಿಲು ಬಡಿಯುವ ಸದ್ದೇ ಹೊರತು, ಬಂದವರು ಯಾರೆಂದು ಹೇಳುವುದಿಲ್ಲ.

ರೋಗ ದೇಹದಲ್ಲಿ ಅಡಗುವುದು ಒಂದು ಬಗೆ. ಮಾತಿನಲ್ಲಿ ಅಡಗುವುದು ಇನ್ನೊಂದು ಬಗೆ. ಜಪಾನಿನಲ್ಲಿ ಬಹುಕಾಲ ಅರ್ಬುದವೆಂದು ರೋಗಿಗೆ ಬಾಯಿಬಿಟ್ಟು ಹೇಳುವ ಪದ್ಧತಿಯಿರಲಿಲ್ಲ. ಕುರೊಸಾವಾ 1952ರಲ್ಲಿ ತೆಗೆದ ‘ಇಕಿರು’ ಎಂಬ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಜಠರದ ಅರ್ಬುದವುಳ್ಳ ಮುದಿ ಸರಕಾರಿ ಅಧಿಕಾರಿಗೆ ವೈದ್ಯರು ಸಾಧಾರಣ ಹುಣ್ಣು ಎಂದು ಹೇಳಿ ಕಳುಹಿಸುತ್ತಾರೆ. ಇದು ಬರಿಯ ಕಥೆಯಲ್ಲ. 1989ರ ಜನವರಿ 7ರಂದು ತೀರಿಕೊಂಡ ಚಕ್ರವರ್ತಿ ಹಿರೊಹಿತೋ ಅವರಿಗೂ ತಮ್ಮ ಕರುಳಿನ ಅರ್ಬುದದ ಸಂಗತಿಯನ್ನು ತಿಳಿಸಿರಲಿಲ್ಲ. ಪ್ರಜೆಗಳಿಗೆ ಅದನ್ನು ಅಧಿಕೃತವಾಗಿ ತಿಳಿಸಿದ್ದು ಅವರ ಮರಣಾನಂತರ. ಇಂತಹ ದೇಶದಲ್ಲಿ 2002ರ ಡಿಸೆಂಬರಿನಲ್ಲಿ ಅವರ ಮಗ ಚಕ್ರವರ್ತಿ ಅಕಿಹಿತೋ ಅವರಿಗೆ ಪ್ರಾಸ್ಟೇಟಿನ ಅರ್ಬುದವಿದೆಯೆಂದು ಅರಮನೆಯೇ ಬಹಿರಂಗವಾಗಿ ಪ್ರಕಟಿಸಿತು. ಆಗ ಅವರ ವಯಸ್ಸು 69. 2003ರ ಜನವರಿ 18ರಂದು ಟೋಕಿಯೋ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅನಂತರ ಅವರು ಹದಿನಾರು ವರ್ಷ ಸಿಂಹಾಸನದಲ್ಲಿದ್ದು, 2019ರ ಏಪ್ರಿಲ್ 30ರಂದು ತಾವಾಗಿ ಪದತ್ಯಾಗ ಮಾಡಿದರು. ತಂದೆಯಿಂದ ಮಗನವರೆಗಿನ ಹದಿನಾಲ್ಕು ವರ್ಷಗಳಲ್ಲಿ ಒಂದು ಸಮಾಜದ ನಾಲಿಗೆಯ ಕಟ್ಟು ಬಿಚ್ಚಿತು. ಗಂಡಸರು ಹೇಳಿಕೊಳ್ಳಲು ನಾಚುವ ಅಂಗದ ಹೆಸರನ್ನು ಅರಮನೆ ಉಚ್ಚರಿಸಿದ ಮೇಲೆ ಸಾಮಾನ್ಯರು ಉಚ್ಚರಿಸಲು ಅಡ್ಡಿಯೇನು?

ಇಂದು ಜಪಾನೀ ಗಂಡಸರಲ್ಲಿ ಹೊಸದಾಗಿ ಪತ್ತೆಯಾಗುವ ಅರ್ಬುದಗಳಲ್ಲಿ ಪ್ರಾಸ್ಟೇಟಿನದೇ ಮೊದಲ ಸಾಲಿನಲ್ಲಿದೆ. ವರ್ಷಕ್ಕೆ ಸುಮಾರು 90 ಸಾವಿರ ಮಂದಿಯಲ್ಲಿ ಅದು ಕಾಣುತ್ತದೆ. ಅದರಿಂದ ಸಾಯುವವರು ವರ್ಷಕ್ಕೆ ಸುಮಾರು 13 ಸಾವಿರ. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ವಿರಳವೆಂದು ಕರೆಸಿಕೊಂಡ ರೋಗ ಒಂದು ತಲೆಮಾರಿನಲ್ಲಿ ಮುಂದಿನ ಸಾಲಿಗೆ ಬಂದಿತು. ಜನರ ಆಯುಷ್ಯ ಬೆಳೆದದ್ದು, ಬಾಳುವೆ ಬದಲಾದದ್ದು, ಹುಡುಕುವ ಕಣ್ಣು ಹರಿತವಾದದ್ದು, ಈ ಮೂರೂ ಇದಕ್ಕೆ ಕಾರಣ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ಜ್ಲೋಟಾ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಹೊಸ ಹೋಲಿಕೆಯನ್ನು ಪ್ರಕಟಿಸಿದರು. ಪ್ರಾಸ್ಟೇಟಿನ ರೋಗವಿದೆಯೆಂದು ಬದುಕಿರುವಾಗ ಗೊತ್ತಾಗದಿದ್ದ, ಬೇರೆ ಕಾರಣಗಳಿಂದ ಸತ್ತ ಮಾಸ್ಕೋದ 220 ಮಂದಿ ರಷ್ಯನರ ಮತ್ತು ಟೋಕಿಯೋದ 100 ಮಂದಿ ಜಪಾನೀಯರ ಗ್ರಂಥಿಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದರು. ರಷ್ಯನರಲ್ಲಿ ನೂರಕ್ಕೆ 37, ಜಪಾನೀಯರಲ್ಲಿ ನೂರಕ್ಕೆ 35 ಮಂದಿಗೆ ಗುಪ್ತ ಅರ್ಬುದವಿತ್ತು. ಬಹುಮಟ್ಟಿಗೆ ಸಮ! ಎಂಬತ್ತು ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂದಿತು. ಇದಕ್ಕಿಂತ ಬೆಚ್ಚಿಬೀಳಿಸುವ ಸಂಗತಿ ಇನ್ನೊಂದಿತ್ತು. ಅರ್ಬುದದ ಜೀವಕೋಶಗಳು ಎಷ್ಟರಮಟ್ಟಿಗೆ ಶಿಸ್ತು ಬಿಟ್ಟಿವೆ ಎಂಬುದನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಗ್ಲೀಸನ್ 1966ರಲ್ಲಿ ರೂಪಿಸಿದ ಅಂಕಕ್ರಮವೊಂದಿದೆ. ಅಂಕ ಏರಿದಂತೆ ಸ್ವಭಾವ ಕ್ರೂರ. 7 ಮತ್ತು ಅದಕ್ಕೆ ಮೇಲ್ಪಟ್ಟ ಅಂಕವನ್ನು ವೈದ್ಯರು ಲಘುವಾಗಿ ಎಣಿಸುವುದಿಲ್ಲ. ರಷ್ಯನರ ಗುಪ್ತ ಅರ್ಬುದಗಳಲ್ಲಿ ನೂರಕ್ಕೆ 23ರಷ್ಟು ಮಾತ್ರ ಈ ಮಟ್ಟದವು. ಜಪಾನೀಯರ ಗುಪ್ತ ಅರ್ಬುದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮಟ್ಟದವು.

ಈ ಫಲವನ್ನು ಓದುವಾಗ ಎರಡು ಎಚ್ಚರಗಳು ಬೇಕು. ಪರೀಕ್ಷೆಗೆ ಬಂದ ಜಪಾನೀಯರ ಸರಾಸರಿ ವಯಸ್ಸು ರಷ್ಯನರಿಗಿಂತ ಕೆಲವು ವರ್ಷ ಹೆಚ್ಚಿತ್ತು. ನೂರು ದೇಹಗಳಿಂದ ಒಂದು ಇಡೀ ಜನಾಂಗದ ಜಾತಕವನ್ನು ಬರೆಯಲೂ ಆಗದು. ಆದರೂ ಒಂದು ಮಾತು ಖಚಿತವಾಯಿತು. ಏಷ್ಯದವರಿಗೆ ಈ ರೋಗವಿಲ್ಲ ಎಂಬುದು ಮೊದಲ ಭ್ರಮೆ, ಇದ್ದರೂ ಅದು ಸಾಧುವಾದದ್ದು ಎಂಬುದು ಎರಡನೆಯ ಭ್ರಮೆ, ಎರಡೂ ಕಳಚಿದವು. ಟೋಕಿಯೋದ ಜಿಕೇಯ್ ವೈದ್ಯಕೀಯ ವಿಶ್ವವಿದ್ಯಾನಿಲಯದವರು ತಮ್ಮಲ್ಲಿಯೇ 1980ರ ದಶಕದಲ್ಲಿ ನಡೆದ ಶವಪರೀಕ್ಷೆಗಳನ್ನು 2008ರ ಅನಂತರದವುಗಳೊಡನೆ ಹೋಲಿಸಿ 2016ರಲ್ಲಿ ಪ್ರಕಟಿಸಿದಾಗ, ಗುಪ್ತ ಅರ್ಬುದದ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು.

ಹಾಗಾದರೆ ವಯಸ್ಸಾದವರೆಲ್ಲರೂ ಕೂಡಲೇ ರಕ್ತಪರೀಕ್ಷೆಗೆ ಓಡಬೇಕೆ? ಇಲ್ಲಿ ವಿದ್ವಾಂಸರಲ್ಲಿಯೇ ಭಿನ್ನಮತವಿದೆ. 2009ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲ ಬಂದಿತು. ಯೂರೋಪಿನ ಪ್ರಯೋಗ ಈ ಪರೀಕ್ಷೆಯಿಂದ ಪ್ರಾಸ್ಟೇಟ್ ಅರ್ಬುದದ ಸಾವು ನೂರಕ್ಕೆ 20ರಷ್ಟು ತಗ್ಗಿತೆಂದರೆ, ಅಮೆರಿಕದ ಪ್ರಯೋಗ ತಗ್ಗಿದ್ದು ಕಾಣಲಿಲ್ಲವೆಂದಿತು. ಜಪಾನಿನಲ್ಲಿಯೂ 2008ರಲ್ಲಿ ಸರಕಾರದ ತಜ್ಞಮಂಡಲಿ ಸಾಮೂಹಿಕ ತಪಾಸಣೆಗೆ ಆಧಾರ ಸಾಲದೆಂದಿತು. ಮೂತ್ರರೋಗತಜ್ಞರ ಸಂಘ ತಪಾಸಣೆ ಬೇಕೆಂದಿತು. ಒಳಗಿನ ಅಂಶ ಇದು: ತಾವಾಗಿ ಆರಿಹೋಗಲಿರುವ ಕೆಂಡವನ್ನೂ ನೀರು ಸುರಿದು ಆರಿಸಹೊರಟರೆ ಒಲೆಯೂ ಕೆಟ್ಟೀತು. ಶಸ್ತ್ರಚಿಕಿತ್ಸೆಯಿಂದಲೂ ವಿಕಿರಣದಿಂದಲೂ ಮೂತ್ರದ ಹತೋಟಿ ತಪ್ಪುವುದು, ದಾಂಪತ್ಯಶಕ್ತಿ ಕುಂದುವುದು ಮೊದಲಾದ ತೊಂದರೆಗಳುಂಟು. ಆದಕಾರಣ ಸಾಧು ಸ್ವಭಾವದ ಅರ್ಬುದ ಸಿಕ್ಕಾಗ ಅದನ್ನು ಕೂಡಲೇ ಕೊಯ್ಯದೆ, ಕಾಲಕಾಲಕ್ಕೆ ಪರೀಕ್ಷಿಸುತ್ತ, ಅದು ತಲೆಯೆತ್ತಿದರೆ ಮಾತ್ರ ಚಿಕಿತ್ಸೆಗೆ ತೊಡಗುವ ಕ್ರಮವನ್ನು ಇಂದಿನ ವೈದ್ಯರು ಜಪಾನಿನಲ್ಲಿಯೂ ಇತರ ದೇಶಗಳಲ್ಲಿಯೂ ಅನುಸರಿಸುತ್ತಿದ್ದಾರೆ. ಕಾಯುವುದೂ ಒಂದು ಚಿಕಿತ್ಸೆಯೇ. ಆದರೆ ಅದು ಕಣ್ಣು ತೆರೆದುಕೊಂಡು ಕಾಯುವುದು.

ಇಷ್ಟು ದೂರದ ದೇಶದ ಕಥೆಯನ್ನು ನಾನು ಏಕೆ ಇಷ್ಟು ಆಸ್ಥೆಯಿಂದ ಹೇಳುತ್ತಿದ್ದೇನೆಂದು ನಿಮಗೆ ಅನ್ನಿಸಿರಬಹುದು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ದೊಡ್ಡಪ್ಪನವರಿದ್ದರು. ರಾತ್ರಿ ನಾಲ್ಕೈದು ಸಲ ಲಾಟೀನು ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. ಬಾಗಿಲ ಅಗುಳಿ ಸರಿಸುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ದೊಡ್ಡಮ್ಮ ಏನೆಂದು ಕೇಳಿದರೆ, “ವಯಸ್ಸಾಯಿತಲ್ಲೇ, ಇನ್ನೇನು, ನೀನು ಮಲಗು” ಎಂದು ಮಾತು ಮುಗಿಸುತ್ತಿದ್ದರು. ಕೊನೆಯ ವರ್ಷ ಸೊಂಟದ ನೋವು ಬಂದಿತು. ವಾತವೆಂದು ಎಲ್ಲರೂ ಎಣ್ಣೆ ತಿಕ್ಕಿದೆವು, ನಾನೂ ತಿಕ್ಕಿದ್ದೇನೆ. ಹಾಗೆಯೇ ಹೋದರು. ಅವರಿಗಿದ್ದದ್ದು ಬರಿಯ ಊತವೋ, ಬೇರೆ ಏನಾದರೂ ಇತ್ತೋ, ಯಾರೂ ನೋಡಲಿಲ್ಲ, ಯಾರೂ ಕೇಳಲಿಲ್ಲ. ಈಗ ನನಗೇ ಐವತ್ತು ದಾಟಿದೆ. ಕೊಜುಕಪ್ಪರಾದ ಆ ತೊಂಬತ್ತರ ಮುದುಕನ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ದೊಡ್ಡಪ್ಪನವರ ಲಾಟೀನು ಕಣ್ಣಿಗೆ ಕಟ್ಟುತ್ತದೆ.

ಆದುದರಿಂದ ನಿಮ್ಮಲ್ಲಿ ಒಂದೆರಡು ಮಾತು. ಮೂತ್ರದ ತೊಂದರೆಯೆಂದರೆ ಅರ್ಬುದವೆಂದು ಹೆದರಬೇಡಿ. ಬಹುಪಾಲು ಅದು ಊತವೇ, ಅದಕ್ಕೆ ಒಳ್ಳೆಯ ಔಷಧಗಳಿವೆ. ತೊಂದರೆಯಿಲ್ಲವೆಂದ ಮಾತ್ರಕ್ಕೆ ಏನೂ ಇಲ್ಲವೆಂದೂ ಸಾಧಿಸಬೇಡಿ. ಗುಪ್ತವಾದದ್ದು ಸದ್ದು ಮಾಡುವುದಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ವಯಸ್ಸಾದವರಿಗೆ ಕಾರಣವಿಲ್ಲದ ಸೊಂಟನೋವು ಬಿಡದೆ ಕಾಡಿದರೆ, ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ, ನಾಚಿಕೆಯನ್ನು ಬದಿಗಿಟ್ಟು ವೈದ್ಯರ ಮುಂದೆ ಕುಳಿತು ಮಾತನಾಡಿ. ಪರೀಕ್ಷೆ ಬೇಕೋ ಬೇಡವೋ, ಬಂದ ಅಂಕಿಗೆ ಅರ್ಥವೇನು, ಚಿಕಿತ್ಸೆಯೋ ಕಾಯುವುದೋ ಎಂಬುದನ್ನು ನಿಮ್ಮ ವಯಸ್ಸನ್ನೂ ಆರೋಗ್ಯವನ್ನೂ ತೂಗಿ ಅವರೊಡನೆ ತೀರ್ಮಾನಿಸಿ. ಮನೆಯ ಹೆಂಗಸರೂ ಮಕ್ಕಳೂ ಹಿರಿಯರನ್ನು ಸಂಕೋಚವಿಲ್ಲದೆ ವಿಚಾರಿಸಿ. ಅವರು “ವಯಸ್ಸಾಯಿತು” ಎಂದು ತಳ್ಳಿಹಾಕಿದರೆ ಇನ್ನೊಮ್ಮೆ ವಿಚಾರಿಸಿ.

ಜಪಾನಿನ ಆ ಹೆಸರಿಲ್ಲದ ವೃದ್ಧರು ತಮ್ಮ ದೇಹದೊಳಗಿನ ರಹಸ್ಯವನ್ನು ತಾವು ತಿಳಿಯದೆಯೇ ಹೋದರು. ಹೋದ ಮೇಲೆ ಅದನ್ನು ನಮಗೆ ತಿಳಿಸಿದರು. ಲೆಕ್ಕದ ಪುಸ್ತಕದಲ್ಲಿ ಇಲ್ಲದ್ದು ದೇಹದಲ್ಲಿ ಇರಬಹುದು. ದೇಹದಲ್ಲಿ ಇರುವುದೆಲ್ಲ ಕೊಲ್ಲಲಾರದು. ಅವರು ಬಿಟ್ಟುಹೋದ ಪಾಠ ಇಷ್ಟೇ. ಇಂದು ರಾತ್ರಿ ವಾರ್ತೆಗಳು ಮುಗಿದು ರೇಡಿಯೋ ಆರಿಸಿದ ಮೇಲೆ, ಮನೆಯ ಹಿರಿಯರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ರಾತ್ರಿ ನಿದ್ದೆ ಹೇಗೆ ಬರುತ್ತಿದೆ ಎಂದು ಕೇಳಿ ನೋಡಿ.